ಎದುರು ಪಾರ್ಟಿಯ ಸುಣ್ಣ

ಹೋದ ತಿಂಗಳು ದಾವಣಗೆರೆ ಕಡೆಯ ಒಂದು ಕಾಲುವೆಯ ಏರಿ ಮೇಲೆ ಅಳತೆ ಮಾಡಿಸುತ್ತಾ ನಿಂತಿದ್ದೆ. ತರೀಕೆರೆಯಿಂದ ಫೋನು ಬಂತು. ಕ್ಷೇಮ ಸಮಾಚಾರವಿಲ್ಲ, ಪೀಠಿಕೆಯಿಲ್ಲ. “ಮಿಷನ್ ಮಾರ್ಬಿಟ್ಟೆ ಕಣವ್ವಾ. ಇನ್ಮೇಲೆ ಮೊಣಕಾಲು ಹೇಳ್ದಂಗೆ ಕೇಳ್ತೀನಿ,” ಎಂದರು ನಮ್ಮ ಸರ್ವೆ ಸಾಬ್ರು. ನಾನು “ಅಯ್ಯೋ” ಎಂದೆ. “ಅಯ್ಯೋ ಯಾಕೆ? ಒಳ್ಳೇ ರೇಟಿಗೇ ಹೋಯ್ತು,” ಎಂದು ನನ್ನನ್ನೇ ಗದರಿ, ಕಾಲುವೆ ಇಳಿಜಾರು ಎಷ್ಟು ಕೊಟ್ಟಿದ್ದೀರಿ ಎಂದು ವಿಚಾರಿಸಿ, ನಾನು ಹೇಳಿದ್ದಕ್ಕೆ “ಹ್ಞೂಂ” ಎಂದು ಇಟ್ಟುಬಿಟ್ಟರು. ಆ “ಹ್ಞೂಂ” ಒಪ್ಪಿಗೆಯೋ ಅನುಮಾನವೋ ಅಂತ ಅಂದು ಸಂಜೆಯವರೆಗೂ ಯೋಚಿಸಿ, ಕೊನೆಗೆ ಇಳಿಜಾರನ್ನು ಇನ್ನೊಮ್ಮೆ ಲೆಕ್ಕ ಹಾಕಿದೆ. ಸರಿಯಾಗಿಯೇ ಇತ್ತು.

ಅವರು ಸರ್ಕಾರದ ಪರವಾನಗಿ ಪಡೆದ ಭೂಮಾಪಕರು. ಹೆಸರು ಬರೆದರೆ ಸಿಟ್ಟಾಗುತ್ತಾರೆ, ಅದಕ್ಕೆ ಬರೆಯುತ್ತಿಲ್ಲ. ಹೇಗೂ ಕಡೂರಿನಿಂದ ಅಜ್ಜಂಪುರದವರೆಗೆ ಅವರ ಹೆಸರು ಗೊತ್ತಿದ್ದವರು ಕಡಿಮೆ, ಸರ್ವೆ ಸಾಬ್ರು ಎಂದರೆ ಎಲ್ಲರಿಗೂ ಗೊತ್ತು. ಮನೆ ತರೀಕೆರೆಯಲ್ಲಿ. ಮನೆಯೊಳಗೆ ದಖ್ನಿ ಉರ್ದು, ಹೊಸಿಲು ದಾಟಿದರೆ ನಮಗಿಂತ ಚೆನ್ನಾಗಿ ನಮ್ಮ ಕನ್ನಡ. ಅಜ್ಜಂಪುರ ಬೇರೆ ತಾಲ್ಲೂಕು ಆದಾಗ, “ಕೂತಲ್ಲೇ ನಂಗೆ ಪ್ರಮೋಷನ್ ಆಯ್ತು ನೋಡಿ, ಎರಡು ತಾಲ್ಲೂಕಿನೋನು ಮೂರು ತಾಲ್ಲೂಕಿನೋನಾದೆ,” ಎಂದು ಹೇಳಿಕೊಂಡು ತಿರುಗಿದರು. ಸಣಕಲು ಮೈ, ಬಿಳಿ ತುಂಬುತೋಳಿನ ಅಂಗಿ, ಆ ತೋಳಿನ ತುದಿಗೆ ಯಾವಾಗಲೂ ಸ್ವಲ್ಪ ಸುಣ್ಣ. ಮೊಪೆಡ್ಡಿನ ಹಿಂದೆ ಮೊದಲು ಸರಪಳಿಯ ಚೀಲ ಇರುತ್ತಿತ್ತು, ಆಮೇಲೆ ಉಪಗ್ರಹದಿಂದ ಜಾಗ ಹಿಡಿಯುವ ಹೊಸ ಮಿಷನ್ನು ಬಂತು. ಅರವತ್ತು ದಾಟಿದ ಮೇಲೆ ಅದನ್ನು ಕಲಿತರು. ಅವರ ವಯಸ್ಸಿನ ಉಳಿದವರು ಹಳೆಯ ಸರಪಳಿಯೇ ಚೆಂದ ಎಂದು ನಿಟ್ಟುಸಿರು ಬಿಡುತ್ತಿದ್ದಾಗ ಇವರು, “ಚೈನು ಎಳ್ದೂ ಎಳ್ದೂ ಸೊಂಟ ಹೋಗೈತೆ, ಏನ್ ಚೆಂದ ಬಂತು ಮಣ್ಣು!” ಎನ್ನುತ್ತಿದ್ದರು.

ಅವರ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಅದು ಯಾವ ಕಾನೂನಿನಲ್ಲೂ ಇಲ್ಲ, ಯಾವ ಕಚೇರಿಯ ಸುತ್ತೋಲೆಯಲ್ಲೂ ಇಲ್ಲ. ಗಡಿ ಜಗಳದ ಜಮೀನಿಗೆ ಹೋದರೆ ಅವರು ಮೊದಲು ಅಳತೆ ಮಾಡುತ್ತಿರಲಿಲ್ಲ. ಚೀಲದಿಂದ ಸುಣ್ಣದ ಪುಡಿಯ ಡಬ್ಬಿ ತೆಗೆದು ಒಬ್ಬನ ಕೈಗೆ ಕೊಡುವರು. “ನಿಮ್ಮ ಎದುರು ಪಾರ್ಟಿಯವ್ರು ಗಡಿ ಎಲ್ಲೈತೆ ಅಂತಾರೆ? ಅಲ್ಲಿ ಗೆರೆ ಹಾಕಿ.” ಅವನು ಗುರ್ ಎಂದು, ಇವರ ಮುಖ ನೋಡಿ, ವಿಧಿಯಿಲ್ಲದೆ ಹಾಕುವನು. ಆಮೇಲೆ ಡಬ್ಬಿ ಎದುರಿನವನ ಕೈಗೆ. ತನ್ನ ಗಡಿಯನ್ನು ತಾನು ಹಾಕುವ ಹಾಗಿಲ್ಲ, ಎದುರಾಳಿಯದನ್ನೇ ಹಾಕಬೇಕು. “ಮೊದ್ಲು ಜಗಳದ ಅಳತೆ, ಆಮೇಲೆ ಜಮೀನಿನ ಅಳತೆ,” ಎನ್ನುತ್ತಿದ್ದರು.

ತಮಾಷೆ ಏನೆಂದರೆ, ಎಷ್ಟೋ ಸಲ ಒಬ್ಬ ಸುಣ್ಣ ಚೆಲ್ಲುತ್ತಾ ಹೋದಂತೆ ಇನ್ನೊಬ್ಬ, “ಏಯ್, ಅಷ್ಟು ದೂರ ನಾನ್ಯಾವಾಗ ಕೇಳ್ದೆ? ಹಿಂದಕ್ ಹಾಕು!” ಎಂದು ಕೂಗುತ್ತಿದ್ದ. ವರ್ಷಗಟ್ಟಲೆ ಮಾತು ಬಿಟ್ಟವರು ಮಾತಾಡುವುದೇ ಹೀಗೆ, ಬೈಯುವ ನೆಪದಲ್ಲಿ. ಹಿರೇನಲ್ಲೂರಿನ ಕಡೆ ಇಬ್ಬರು ಅಣ್ಣತಮ್ಮಂದಿರು ಒಂದು ಎಕರೆಗೆ ಎನ್ನುವ ಹಾಗೆ ಹೊಡೆದಾಡುತ್ತಿದ್ದರಂತೆ. ಇಬ್ಬರೂ ಗೆರೆ ಹಾಕಿದ ಮೇಲೆ ನೋಡಿದರೆ ನಡುವೆ ಉಳಿದದ್ದು ಒಂದು ಹೊಂಗೆ ಮರ ನಿಲ್ಲುವಷ್ಟು ಜಾಗ. ಅಲ್ಲಿ ಇದ್ದದ್ದೂ ಒಂದು ಹೊಂಗೆ ಮರವೇ. ಅದರ ನೆರಳಿಗೆ ಯಾರ ಮೇಕೆ ಕಟ್ಟುವುದು ಎಂಬಲ್ಲಿಂದ ಶುರುವಾದದ್ದು ಅಷ್ಟು ಬೆಳೆದಿತ್ತು.

ಈ ಪದ್ಧತಿ ಯಾವಾಗಲೂ ಗೆಲ್ಲುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಅಜ್ಜಂಪುರದ ಹತ್ತಿರ ಒಂದು ಹೊಲದಲ್ಲಿ ಇಬ್ಬರೂ ಸೇರಿ ಡಬ್ಬಿಯನ್ನು ಇವರ ತಲೆ ಮೇಲೇ ಮಗುಚಿದರಂತೆ. ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ತಡೆದು ಇದೇನು ಅವತಾರ ಎಂದು ಕೇಳಿದರಂತೆ. “ಇವತ್ತು ಇಬ್ರೂ ಒಂದಾಗಿದ್ರು, ಕೆಲಸ ಸುಲಭ ಆಯ್ತು,” ಎಂದರಂತೆ ಇವರು.

ಇನ್ನೊಂದು ಪದ್ಧತಿ ಊಟದ್ದು. ಗಡಿಯ ಕಲ್ಲು ನೆಡುವವರೆಗೆ ಯಾವ ಕಡೆಯವರ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಬಾಟಲಿ ತಮ್ಮದೇ, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ ತಮ್ಮದೇ. ಕಲ್ಲು ನೆಟ್ಟ ಮೇಲೆ ಎರಡೂ ಮನೆಯಲ್ಲಿ ಉಣ್ಣುತ್ತಿದ್ದರು, ಅದೇ ದಿನ, ಒಂದಾದ ಮೇಲೊಂದು. ಅಷ್ಟು ಸಣಕಲು ಮೈಗೆ ಅದೆಲ್ಲಿ ಹೋಗುತ್ತಿತ್ತೋ ತಿಳಿಯದು.

ನಮ್ಮ ಮನೆಗೆ ಅವರು ಬಂದದ್ದು ನಾನು ಎರಡನೇ ಪಿಯುಸಿಯಲ್ಲಿದ್ದಾಗ. ಯಗಟಿಯ ಹತ್ತಿರ ನಮ್ಮದು ಒಂದಿಷ್ಟು ರಾಗಿ ಹೊಲ, ಒಂದಿಷ್ಟು ತೆಂಗು, ಒಂದು ಹಿಂಡು ಕುರಿ. ದೊಡ್ಡಪ್ಪನೂ ಅಪ್ಪನೂ ಹಿಸ್ಸೆ ಮಾಡಿಕೊಳ್ಳುವಾಗ ಮುನಿಸು ಬಂದು ಸಾಬ್ರನ್ನು ಕರೆಸಿದ್ದರು. ಸುಣ್ಣದ ಕೆಲಸ ಮುಗಿದು, ಅಳತೆ ಮುಗಿದು, ಅವರು ಬದುವಿನ ಮೇಲೆ ಕೂತು ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಲ್ಲಿ ಲೆಕ್ಕ ಮಾಡುತ್ತಿದ್ದರು. ನಾನು ಹಿಂದೆ ನಿಂತು ಇಣುಕುತ್ತಿದ್ದವಳು ತಡೆಯಲಾರದೆ, “ಆ ತ್ರಿಕೋಣದ ಲೆಕ್ಕ ತಪ್ಪಾಗಿದೆ,” ಎಂದುಬಿಟ್ಟೆ. ದೊಡ್ಡಪ್ಪ, ಅಪ್ಪ ಇಬ್ಬರೂ ಒಟ್ಟಿಗೆ ನನ್ನನ್ನು ಗದರಿದರು. ಅಂದು ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಸಾಬ್ರು ಗದರಲಿಲ್ಲ. ಮೂರು ಸಲ ಲೆಕ್ಕ ಮಾಡಿ ನೋಡಿದರು. ಆಮೇಲೆ ಕಾಗದ ನನ್ನ ಮುಂದೆ ಹಿಡಿದು, “ಅರ್ಧ ಮಾಡೋದು ಮರ್ತಿದ್ದೀಯ ಕಣವ್ವಾ. ತಪ್ಪು ನಿಂದು,” ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಆದ್ರೆ ಇಷ್ಟು ವರ್ಷದಲ್ಲಿ ನನ್ ಲೆಕ್ಕ ಸರಿಯಾ ಅಂತ ಕೇಳ್ದೋಳು ನೀನೊಬ್ಳೇ. ಮಿಕ್ಕೋರೆಲ್ಲ ಎಷ್ಟ್ ಬಂತು ಅಂತಾನೇ ಕೇಳ್ತಾರೆ.” ಆ ಮಾತು ಮುಗಿಸಿದವರೇ ಎದ್ದು ಎರಡು ಮನೆಯ ಊಟಕ್ಕೆ ಹೊರಟರು. ನನಗೆ ಮಾತ್ರ ಆ ಮಾತು ತಲೆಗೇರಿ ಕೂತಿತು. ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸಿವಿಲ್ ಎಂದು ಸೇರಿದೆ. ಬೀರೂರಿನಿಂದ ರೈಲಿನಲ್ಲಿ ಹೋಗಿ ಬರುವಾಗ ತರೀಕೆರೆ ಸ್ಟೇಷನ್ನಿನಲ್ಲಿ ಎಷ್ಟೋ ಸಲ ಅವರು ಸಿಗುತ್ತಿದ್ದರು. ಮೂರು ನಿಮಿಷ ನಿಲ್ಲುವ ರೈಲಿನ ಕಿಟಕಿಯಲ್ಲಿ ನನಗೊಂದು ಲೆಕ್ಕ ಕೊಟ್ಟು ಕಳಿಸುತ್ತಿದ್ದರು.

ಸಿವಿಲ್‌ನಲ್ಲಿ ನನಗೆ ಬೇಕಾದ ಭೂಮಾಪನ ಇದ್ದದ್ದು ಒಂದು ಪೇಪರು, ಒಂದು ಲ್ಯಾಬು. ಉಳಿದದ್ದೆಲ್ಲ ಕಾಂಕ್ರೀಟು. ಎರಡನೇ ವರ್ಷದಲ್ಲಿ, ಭೂಮಿ ಅಳೆಯುವುದನ್ನೇ ಇಡೀ ಪದವಿಯಾಗಿ ಇಂಗ್ಲಿಷಿನಲ್ಲಿ ಕಲಿಸುವ ವಿಶ್ವವಿದ್ಯಾಲಯ ಪೋಲೆಂಡಿನಲ್ಲಿದೆ, ಅರ್ಧ ಓದಿದವರನ್ನೂ ನಡುವೆ ಸೇರಿಸಿಕೊಳ್ಳುತ್ತಾರೆ ಎಂದು ಗೊತ್ತಾಯಿತು. ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಸೀಟು ಸಿಕ್ಕಿತು. ಒಂದಿಷ್ಟು ವಿದ್ಯಾರ್ಥಿವೇತನವೂ ಸಿಕ್ಕಿತು. ಇಲ್ಲಿ ಓದಿದ ವಿಷಯಗಳಲ್ಲಿ ಎಷ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆಂದು ಅಲ್ಲಿಗೆ ಬಂದು ಒಂದು ಸೆಮಿಸ್ಟರ್ ಓದಿದ ಮೇಲೆ ತಿಳಿಸುತ್ತೇವೆ ಎಂದು ಬರೆದಿದ್ದರು. ಒಪ್ಪಿಗೆ ಕಳಿಸಲು ಮೂರು ವಾರ ಸಮಯ, ಜೊತೆಗೆ ಪೋಷಕರ ಸಹಿ ಇರುವ ಒಂದು ಪತ್ರ.

ಊರಿಗೆ ಹೋಗಿ ಅಪ್ಪನ ಮುಂದೆ ಕಾಗದ ಇಟ್ಟೆ. ಅಪ್ಪ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. “ಇಲ್ಲಿ ಬಿಟ್ಟು ಅಲ್ಲಿಗೆ ಸೇರೋದಾ?” ಎಂದ. ಹೌದು ಎಂದೆ. ಕಾಗದವನ್ನು ಟಿವಿಯ ಮೇಲಿಟ್ಟು ಕುರಿ ಕಡೆ ಹೋದ. ಎಂಟು ದಿನ ಅದು ಅಲ್ಲೇ ಇತ್ತು. ಬೇಡ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಅವ್ವ ಕೇಳಿದರೆ “ನೋಡಾನ” ಎನ್ನುವನು. ನಾನು ಹಾಸ್ಟೆಲಿನ ಗೆಳತಿಯರಿಗೆಲ್ಲ ಫೋನು ಮಾಡಿ “ಅಪ್ಪ ಬಿಡ್ತಿಲ್ಲ ಕಣೇ” ಎಂದು ಅಳುತ್ತಿದ್ದೆ. ಅವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಆ ಅಯ್ಯೋ ಪಾಪ ನನಗೆ ಹಿತವಾಗಿಯೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂಬತ್ತನೆಯ ದಿನ ಅವ್ವ ನಮಗಿಬ್ಬರಿಗೂ ಹೇಳದೆ ತರೀಕೆರೆಗೆ ಫೋನು ಮಾಡಿದಳು. “ಅಣ್ಣತಮ್ಮಂದ್ರ ಜಗಳ ಬಿಡಿಸಿದ್ರಲ್ಲ ಸಾಬ್ರೆ, ಈಗ ಅಪ್ಪ ಮಗಳದ್ದೊಂದು ಐತೆ. ಇಬ್ರೂ ಬಾಯೇ ಬಿಡ್ತಿಲ್ಲ. ಬಂದು ಅಳೀರಿ.” ಮರುದಿನ ಬೆಳಿಗ್ಗೆಯೇ ಮೊಪೆಡ್ಡು ಅಂಗಳಕ್ಕೆ ಬಂತು. ಅವ್ವ ಕಾಫಿ ತಂದರೆ, “ಕಲ್ಲು ನೆಟ್ಮೇಲೆ ತಾಯಿ,” ಎಂದು ಬೇಡವೆಂದರು. ಕಾಫಿ ಬೇಡ ಎಂದರೆ ಕೆಲಸದ ಮೇಲೆ ಬಂದಿದ್ದಾರೆ ಎಂದೇ ಅರ್ಥ.

ಅಪ್ಪನನ್ನೂ ನನ್ನನ್ನೂ ಅಂಗಳದ ಎರಡು ತುದಿಯಲ್ಲಿ ನಿಲ್ಲಿಸಿದರು. ಚೀಲದಿಂದ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು.

“ನಿಮ್ಮಪ್ಪ ಯಾಕೆ ಸೈನ್ ಹಾಕ್ತಿಲ್ಲ? ಒಂದೊಂದು ಕಾರಣಕ್ಕೆ ಒಂದೊಂದು ಗುಡ್ಡೆ ಹಾಕು.”

ನನಗೆ ನಗು ಬಂತು, ಆದರೆ ಅವರು ನಗುತ್ತಿರಲಿಲ್ಲ. ಗೊತ್ತಿದ್ದದ್ದೇ ಅಲ್ಲವೇ, ಎಂಟು ದಿನದಿಂದ ಗೆಳತಿಯರಿಗೆ ಹೇಳುತ್ತಿದ್ದದ್ದೂ ಅದೇ. ಒಂದು ಗುಡ್ಡೆ ಹಾಕಿದೆ. “ಜನ ಏನಂತಾರೋ ಅಂತ.” ಎರಡನೆಯದು. “ಮದುವೆ ತಡ ಆಗುತ್ತೆ ಅಂತ.” ಮೂರನೆಯದು ದುಡ್ಡಿಗೆ. ನಾಲ್ಕನೆಯದು, “ಹೋದೋಳು ವಾಪಸ್ ಬರಲ್ಲ ಅಂತ.” ಹಾಕಿ ಮುಗಿಸಿ, ಕೈ ಒರೆಸಿಕೊಂಡು, ಗೆದ್ದವಳ ಹಾಗೆ ನಿಂತೆ.

ಅಪ್ಪ ನಿಧಾನವಾಗಿ ನಡೆದು ಬಂದ. ಮೊದಲನೆಯ ಗುಡ್ಡೆಯ ಮುಂದೆ ನಿಂತು ನೋಡಿ, ಕಾಲಿನಿಂದ ಅದನ್ನು ಒರೆಸಿಬಿಟ್ಟ. “ಜನದ ಮಾತು ನಾನ್ಯಾವತ್ತು ಕೇಳಿವ್ನಿ? ಇದು ನಂದಲ್ಲ ಸಾಬ್ರೆ.” ಎರಡನೆಯದನ್ನೂ ಒರೆಸಿದ. “ಮದುವೆ ಮಾತು ನಾನು ಎತ್ತೇ ಇಲ್ಲ.” ಮೂರನೆಯದಕ್ಕೆ, “ಕುರಿ ಅವೆ,” ಎಂದಷ್ಟೇ ಹೇಳಿ ಒರೆಸಿದ. ನಾಲ್ಕನೆಯದಕ್ಕೆ, “ಬರ್ದೇ ಇದ್ರೂ ಪರವಾಗಿಲ್ಲ. ಚೆನ್ನಾಗಿದ್ರೆ ಸಾಕು,” ಎಂದು ಅದನ್ನೂ ಒರೆಸಿದ. ಅಂಗಳದಲ್ಲಿ ನಾನು ಹಾಕಿದ್ದು ಒಂದೂ ಉಳಿಯಲಿಲ್ಲ. ಹತ್ತೊಂಬತ್ತು ವರ್ಷ ಜೊತೆಗಿದ್ದ ಅಪ್ಪನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

ಸಾಬ್ರು ಡಬ್ಬಿಯನ್ನು ಅಪ್ಪನಿಗೆ ಕೊಟ್ಟರು. “ಈಗ ನೀವು ಗೌಡ್ರೆ. ಮಗಳ ಮನಸ್ಸಲ್ಲಿ ಏನೈತೆ?”

ಅಪ್ಪ ಯೋಚಿಸಲೂ ಇಲ್ಲ. ನನ್ನ ಕಾಲ ಹತ್ತಿರವೇ ಒಂದು ಗುಡ್ಡೆ ಸುರಿದ. “ಇವ್ಳಿಗೆ ಹೋಗ್ಬೇಕು ಅಂತ ಆಸೆ ಐತೆ. ಅಷ್ಟೇ ಹೆದ್ರಿಕೆನೂ ಐತೆ. ಇಲ್ಲಿ ಎಲ್ರಿಗಿಂತ ಮುಂದವ್ಳೆ, ಅಲ್ಲೋಗಿ ಹಿಂದ್ ಬಿದ್ರೆ ಏನ್ ಮಾಡೋದು ಅಂತ. ನಾನು ಬ್ಯಾಡ ಅನ್ಲಿ ಅಂತ ಕಾಯ್ತಾವ್ಳೆ ಸಾಬ್ರೆ. ಆಗ ತಪ್ಪು ನಂದಾಯ್ತದೆ, ಇವ್ಳಿಗೆ ನೆಮ್ಮದಿ.”

ನಾನು “ಇಲ್ಲ” ಎನ್ನಲು ಬಾಯಿ ತೆರೆದೆ. ಅಳು ಬಂತು. ಒರೆಸಿಹಾಕಲು ನನಗೂ ಕಾಲಿತ್ತು, ಆದರೆ ಆ ಗುಡ್ಡೆ ನನ್ನದೇ ಆಗಿತ್ತು. ಅವ್ವ ಬಾಗಿಲಲ್ಲಿ ನಿಂತವಳು ಸೆರಗು ಬಾಯಿಗಿಟ್ಟುಕೊಂಡಳು.

ಸಾಬ್ರು ನನ್ನನ್ನು ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ. ಅಪ್ಪನ ಕಡೆ ತಿರುಗಿ, “ಮಗಳ ಗಡಿ ಗೊತ್ತಾಯ್ತು. ನಿಮ್ದು ಎಲ್ಲೈತೆ ಗೌಡ್ರೆ? ಅವಳಿಗೆ ಗೊತ್ತಿಲ್ಲ, ನೀವೇ ಹಾಕ್ಬೇಕು,” ಎಂದರು. ತಮ್ಮದೇ ಪದ್ಧತಿಯನ್ನು ಅವರು ಮುರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಪ್ಪ ಡಬ್ಬಿ ಹಿಡಿದು ಅಂಗಳದ ನಟ್ಟನಡುವೆ ಸ್ವಲ್ಪವೇ ಸುರಿದು, “ಟಿ.ಸಿ.,” ಎಂದ.

ಕತೆ ಹೀಗೆ. ಅಪ್ಪ ಎಂಟನೇ ಕ್ಲಾಸು ಮುಗಿಸಿದಾಗ, ಅತ್ತೆಯ ಊರಿನ ಹೈಸ್ಕೂಲು ಒಳ್ಳೆಯದೆಂದು ಇಲ್ಲಿಂದ ಟಿ.ಸಿ. ತೆಗೆಸಿದರಂತೆ. ಅದು ಕುರಿ ಉಣ್ಣೆ ಕತ್ತರಿಸುವ ಕಾಲ. ಕೈಯಲ್ಲಿ ಟಿ.ಸಿ. ಇದೆಯಲ್ಲ, ಸ್ಕೂಲೇನು ಓಡಿ ಹೋಗುತ್ತದಾ ಎಂದು ತಾತ ಹಿಂಡಿನ ಕೊನೆಯ ಕುರಿಯ ಉಣ್ಣೆ ಕತ್ತರಿಸುವವರೆಗೆ ಕಳಿಸಲಿಲ್ಲ. ಹೋಗುವಷ್ಟರಲ್ಲಿ ಅಲ್ಲಿ ಕ್ಲಾಸು ಭರ್ತಿಯಾಗಿತ್ತು. ಬರೋ ವರ್ಷ ಬನ್ನಿ ಎಂದರು. ವಾಪಸು ಬಂದರೆ ಇಲ್ಲಿ ಹೆಸರು ಹೊಡೆದು ಹಾಕಿಯಾಗಿತ್ತು. ಬರುವ ವರ್ಷದ ಹೊತ್ತಿಗೆ ಅಪ್ಪ ಹಿಂಡಿನ ಹಿಂದೆ ಇದ್ದ. “ಆ ಕಡೆ ಸ್ಕೂಲೂ ಇಲ್ಲ, ಈ ಕಡೆ ಸ್ಕೂಲೂ ಇಲ್ಲ. ಕಾಗದ ಒಂದೇ ಉಳೀತು,” ಎಂದ ಅಪ್ಪ. “ಇವ್ಳು ಅರ್ಧ ಓದಿ ಇಲ್ಲಿ ಬಿಟ್ಟು, ಅಲ್ಲೂ ಅವ್ರು ಬ್ಯಾಡ ಅಂದ್ಬಿಟ್ರೆ? ನಂಗೆ ಪೋಲೆಂಡ್ ಹೆದ್ರಿಕೆ ಇಲ್ಲ ಸಾಬ್ರೆ. ಆ ಕಾಗದದ ಹೆದ್ರಿಕೆ.”

ಇದನ್ನು ಅವ್ವನಿಗೂ ಅವನು ಹೇಳಿರಲಿಲ್ಲ. ಓದು ತಲೆಗೆ ಹತ್ತಲಿಲ್ಲ, ಬಿಟ್ಟೆ ಎಂದೇ ನಮಗೆಲ್ಲ ಹೇಳಿಕೊಂಡು ಬಂದಿದ್ದ. ನಾನು ಎಷ್ಟೋ ಸಲ ಅದನ್ನು ಹಿಡಿದು ತಮಾಷೆ ಮಾಡಿದ್ದೆ.

ಸಾಬ್ರು ಅಪ್ಪನ ಕೈಯಿಂದ ಡಬ್ಬಿ ತೆಗೆದುಕೊಂಡರು. “ಹಳೇ ಬಾಂದುಕಲ್ಲನ್ನ ನಾನು ಯಾವಾಗ ಕೀಳಿಸ್ತೀನಿ ಗೌಡ್ರೆ?”

“ಹೊಸಾದು ನೆಟ್ಮೇಲೆ.”

“ಮತ್ತೆ? ಟಿ.ಸಿ. ಈಗ್ಲೇ ಯಾಕ್ ತಗೀಬೇಕು?” ನನ್ನ ಕಡೆ ತಿರುಗಿದರು. “ಕಾಲೇಜಲ್ಲಿ ಕೇಳಿದ್ಯಾ? ಆರು ತಿಂಗಳು ಹೆಸರು ಹಾಗೇ ಇಟ್ಕೊಂಡಿರ್ತಾರಾ ಅಂತ?”

ನಾನು ಕೇಳಿರಲಿಲ್ಲ. ಯಾರಿಗೂ ಹೇಳದೆ ಅರ್ಜಿ ಹಾಕಿದವಳು ಇನ್ನು ಏನು ಕೇಳಿಯೇನು? ಸಾಬ್ರು ಹಣೆ ಚಚ್ಚಿಕೊಂಡರು. “ಅರೆ, ನನ್ ಲೆಕ್ಕ ಕೇಳೋಕೆ ಬಂದಿದ್ದೆಯಲ್ಲ, ನಿನ್ ಲೆಕ್ಕ ಯಾರವ್ವಾ ಕೇಳೋದು!”

ಅಂದು ಅವರು ನಮ್ಮ ಮನೆಯಲ್ಲಿ ಎರಡು ಊಟ ಮಾಡಿದರು. ಒಂದೇ ಮನೆ, ಎರಡು ಪಾರ್ಟಿ. ಮೊದಲ ಮುದ್ದೆ ಅಪ್ಪ ಬಡಿಸಿದ, ಎರಡನೆಯದು ನಾನು. “ಸಾರು ಎರಡ್ ಕಡೇದೂ ಒಂದೇ ರುಚಿ ಐತಲ್ಲ, ಏನೋ ಒಳಒಪ್ಪಂದ ಇರ್ಬೇಕು,” ಎಂದು ಅವ್ವನನ್ನು ರೇಗಿಸಿದರು. ಎಂಟು ದಿನದ ಮೇಲೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರು.

ಅದೇ ವಾರ ಮೂವರೂ ಶಿವಮೊಗ್ಗಕ್ಕೆ ಹೋದೆವು. ಪ್ರಿನ್ಸಿಪಾಲರ ಮುಂದೆ ಸಾಬ್ರೇ ಮಾತಾಡಿದರು. ಬಾಯಿಮಾತಿನ ಒಪ್ಪಿಗೆ ಸಿಕ್ಕಿತು. ನಾನು ಥ್ಯಾಂಕ್ಸ್ ಹೇಳಿ ಎದ್ದೆ, ಸಾಬ್ರು ಏಳಲಿಲ್ಲ. “ಸರ್, ಮೂರು ತಾಲ್ಲೂಕಲ್ಲಿ ನಾನು ಬಾಯಿಮಾತಿನ ಗಡಿ ಎಷ್ಟು ನೋಡಿದ್ದೀನೋ ಅಷ್ಟೂ ಜಗಳ ನೋಡಿದ್ದೀನಿ. ಒಂದು ಕಾಗದದಲ್ಲಿ ಕೊಡ್ಸಿ,” ಎಂದು ಕೈ ಮುಗಿದರು. ಪ್ರಿನ್ಸಿಪಾಲರು ನಕ್ಕು, ಬರೆಸಿ, ಸೀಲು ಹಾಕಿಸಿ ಕೊಟ್ಟರು. ಫೆಬ್ರವರಿಯ ನಡುವಿನವರೆಗೆ ಈ ವಿದ್ಯಾರ್ಥಿನಿಯ ಹೆಸರು ದಾಖಲೆಯಲ್ಲಿ ಉಳಿದಿರುತ್ತದೆ ಎಂದು. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು, ಅಲ್ಲೇ ಕಾಲೇಜಿನ ಮೆಟ್ಟಿಲ ಮೇಲೆ ಕೂತು, ನನ್ನ ಬೆನ್ನಿನ ಮೇಲೆ ಪೋಲೆಂಡಿನ ಕಾಗದ ಇಟ್ಟು ಸಹಿ ಹಾಕಿದ. ಅವನ ಪೆನ್ನು ಒತ್ತಿದ್ದು ನನಗೆ ಅಂಗಿಯ ಮೇಲಿಂದಲೂ ಗೊತ್ತಾಗುತ್ತಿತ್ತು.

ಇಲ್ಲಿ ಸ್ವಲ್ಪ ಮುಂದಕ್ಕೆ ಹಾರುತ್ತೇನೆ. ನಾನು ಪದವಿ ಮುಗಿಸಿದೆ, ಇಡೀ ಕ್ಲಾಸಿಗೆ ಎರಡನೆಯವಳಾಗಿ. ಪದವಿ ಪ್ರದಾನದ ದಿನ ಚೌಕದ ಟೊಪ್ಪಿ ಹಾಕಿಕೊಂಡ ಫೋಟೋ ಸಾಬ್ರಿಗೆ ಕಳಿಸಿದರೆ, “ಮೊದ್ಲನೇವ್ನು ಯಾರು?” ಎಂದು ಉತ್ತರ ಬಂತು. ಆಮೇಲೆ ಆ ಫೋಟೋವನ್ನು ತರೀಕೆರೆಯ ಅರ್ಧ ಊರಿಗೆ ತೋರಿಸಿದರಂತೆ. ಅದು ಅವರ ಹೆಂಡತಿ ಹೇಳಿ ಗೊತ್ತಾಯಿತು. ಮಿಷನ್ನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದರಂತೆ. ಜಮೀನಿನಲ್ಲಿ ಪೆಟ್ಟಿಗೆ ತೆರೆದ ಕೂಡಲೇ ಯಾರಾದರೂ ಯಾರು ಇದು ಎಂದು ಕೇಳಲೇಬೇಕಿತ್ತು.

ಆದರೆ ನನ್ನ ಪಾಲಿಗೆ ಗೆಲುವಿನ ದಿನ ಅದಲ್ಲ. ಅದಕ್ಕಿಂತ ಬಹಳ ಮೊದಲಿನ ಒಂದು ಫೆಬ್ರವರಿ ಬೆಳಿಗ್ಗೆ.

ಪೋಲೆಂಡಿನ ಮೊದಲ ಸೆಮಿಸ್ಟರು ಅಪ್ಪ ಸುರಿದ ಸುಣ್ಣದ ಹಾಗೆಯೇ ನಡೆಯಿತು. ಒಂದು ವಿಷಯದಲ್ಲಿ ನಾನು ಕ್ಲಾಸಿಗೇ ಕೊನೆ. ಹಲ್ಲು ಕಡಿಯುವ ಚಳಿ, ನನ್ನ ಇಂಗ್ಲಿಷು ಅವರಿಗೆ ತಿಳಿಯದು, ಅವರದು ನನಗೆ. ಹೊಲದಲ್ಲಿ ಅಳೆಯುವ ಪ್ರಾಕ್ಟಿಕಲ್ಲಿನಲ್ಲಿ ಮಾತ್ರ ನಾನು ಮೊದಲು. ಬದುವಿನ ಮೇಲೆ ಹೇಗೆ ನಡೆಯಬೇಕೆಂದು ಅಲ್ಲಿಯವರಿಗೆ ಗೊತ್ತಿರಲಿಲ್ಲ. ಜನವರಿ ಕೊನೆಗೆ ಕಾಗದ ಬಂತು. ನಾನು ಶಿವಮೊಗ್ಗದಲ್ಲಿ ಓದಿದ ಹದಿನಾಲ್ಕು ವಿಷಯಗಳಲ್ಲಿ ಹನ್ನೊಂದನ್ನು ಒಪ್ಪಿದ್ದರು. ಅಲ್ಲೇ ಉಳಿದರೆ ಆರು ತಿಂಗಳು ಹೆಚ್ಚು ಓದಬೇಕು. ವಾಪಸು ಹೋದರೆ ಶಿವಮೊಗ್ಗದಲ್ಲಿ ನನ್ನ ಹೆಸರು ಇನ್ನೂ ಇತ್ತು, ಇನ್ನು ಹದಿನೈದು ದಿನ.

ಈ ಸಲ ಬೇಡ ಎನ್ನುವವರು ಯಾರೂ ಇರಲಿಲ್ಲ. ಅದೇ ಕಷ್ಟವಾದದ್ದು. ಸಾಬ್ರಿಗೆ ಫೋನು ಮಾಡಿ, ಏನು ಮಾಡಲಿ ಹೇಳಿ ಎಂದೆ. “ಗಡಿ ಎಲ್ಲೈತೆ ಅಂತ ಕೇಳು, ಹೇಳ್ತೀನಿ. ಜಮೀನಲ್ಲಿ ಏನ್ ಬಿತ್ಬೇಕು ಅಂತ ಕೇಳ್ಬೇಡ,” ಎಂದು ಇಟ್ಟುಬಿಟ್ಟರು. ನನಗೆ ಕೆಟ್ಟ ಕೋಪ ಬಂತು. ಎರಡು ದಿನ ನದಿಯ ದಂಡೆಯ ಮೇಲೆ ಹೆಪ್ಪುಗಟ್ಟಿದ ನೀರು ನೋಡುತ್ತಾ ನಡೆದೆ. ನಾನು ಕೊನೆಯವಳಾದ ವಿಷಯವನ್ನು ಇನ್ನೊಮ್ಮೆ ಓದಲು ಮನಸ್ಸಿದೆಯಾ ಎಂದು ನನ್ನನ್ನೇ ಕೇಳಿಕೊಂಡೆ. ಇತ್ತು. ಇದೆ ಎಂದು ಗೊತ್ತಾದ ಕೂಡಲೇ, ನಡುರಸ್ತೆಯಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ. ಅಪ್ಪನಿಗೆ ಫೋನು ಮಾಡಿದೆ.

“ಅಪ್ಪಾ, ಇಲ್ಲೇ ಮುಗಿಸ್ತೀನಿ. ಅಲ್ಲಿ ಟಿ.ಸಿ. ತೆಗೆಸ್ಬೇಕು.”

ಟಿ.ಸಿ. ಎಂದ ಮೇಲೆ ನನಗೆ ಅಪ್ಪನ ಕತೆ ನೆನಪಾಯಿತು. “ಬೇಕಾದ್ರೆ ಅರ್ಜಿ ಕಳಿಸ್ತೀನಿ, ಕಾಲೇಜಿನವ್ರೇ ಅಂಚೆಗೆ ಹಾಕ್ತಾರೆ. ನೀನು ಹೋಗ್ಬೇಕು ಅಂತಿಲ್ಲ,” ಎಂದೆ.

“ಬ್ಯಾಡ,” ಎಂದ ಅಪ್ಪ. “ನಾನೇ ಹೋಗಿ ತತ್ತೀನಿ.”

ಎರಡು ದಿನ ಬಿಟ್ಟು ಬೀರೂರಿನಲ್ಲಿ ರೈಲು ಹತ್ತಿದ. ತರೀಕೆರೆಯಲ್ಲಿ ಸಾಬ್ರು ಹತ್ತಿದರು. ನನಗೆ ಅಲ್ಲಿ ಬೆಳಿಗ್ಗೆ ಆರೂವರೆ, ಹೊರಗೆ ಹಿಮ ಬೀಳುತ್ತಿತ್ತು. ವಿಡಿಯೋ ಕಾಲ್ ಬಂತು. ಫೋನು ಸಾಬ್ರ ಕೈಯಲ್ಲಿತ್ತು. ಉಪಗ್ರಹ ಹಿಡಿಯಲು ಬರುವ ಮನುಷ್ಯನಿಗೆ ಮೊಬೈಲಿನ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ. ನನಗೆ ಕಂಡದ್ದು ಕಾಲೇಜಿನ ಕಚೇರಿಯ ಸೀಲಿಂಗ್ ಫ್ಯಾನು, ಆಮೇಲೆ ಅಪ್ಪನ ಕಿವಿ, ಮತ್ತೆ ಫ್ಯಾನು. ಧ್ವನಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು.

“ನಮ್ ಮಗೀಂದು ಟಿ.ಸಿ. ಬೇಕಾಗಿತ್ತು,” ಎಂದ ಅಪ್ಪ. ಇಡೀ ಕಚೇರಿಗೆ ಕೇಳುವಷ್ಟು ಜೋರಾಗಿತ್ತು.

ಕಿಟಕಿಯ ಆ ಕಡೆಯವರು ಕಾಗದಗಳನ್ನು ಮಗುಚಿ ಹಾಕುವ ಸದ್ದು ಬಂತು. “ಬಿಡೋದಕ್ಕೆ ಕಾರಣ ಬರೆದಿಲ್ಲವಲ್ಲ. ಪೋಷಕರ ಕೋರಿಕೆ ಮೇರೆಗೆ ಅಂತ ಹಾಕ್ಲಾ? ಎಲ್ಲರಿಗೂ ಅದನ್ನೇ ಹಾಕೋದು.”

ಅಪ್ಪನ ಟಿ.ಸಿ.ಯಲ್ಲಿ ಇದ್ದದ್ದೂ ಅದೇ ಸಾಲು ಎಂದು ಆಮೇಲೆ ಅವ್ವ ಹೇಳಿದಳು. ಆ ಹೊತ್ತಿಗೆ ನನಗೆ ಅದು ಗೊತ್ತಿರಲಿಲ್ಲ. ಫ್ಯಾನು ತಿರುಗುವುದು ಮಾತ್ರ ಕಾಣುತ್ತಿತ್ತು.

“ಬ್ಯಾಡ ಸ್ವಾಮಿ,” ಎಂದ ಅಪ್ಪ. “ನಾನು ಕೋರ್ಲಿಲ್ಲ. ಅವ್ಳು ಮುಂದಕ್ಕೆ ಓದೋಕೆ ಹೋಗವ್ಳೆ. ಅಂಗಂತ ಬರೀರಿ.”

ಹತ್ತು ನಿಮಿಷವಾದ ಮೇಲೆ ಫೋನು ಹೊರಗಿನ ಬಿಸಿಲಿಗೆ ಬಂತು. ಸಾಬ್ರು ಏನೇನೋ ಒತ್ತಿ, ಹೇಗೋ ಕ್ಯಾಮೆರಾ ತಿರುಗಿಸಿ, ಮೊದಲ ಸಲ ಅಪ್ಪನ ಪೂರ್ತಿ ಮುಖ ತೋರಿಸಿದರು. ಅಪ್ಪ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕ್ಯಾಮೆರಾದ ಹತ್ತಿರ ತಂದ.

“ಏನ್ ಬರ್ದವ್ರೆ ನೋಡು. ಓದು.”

“ಉನ್ನತ ವ್ಯಾಸಂಗಕ್ಕಾಗಿ,” ಎಂದು ಓದಿದೆ.

“ಇನ್ನೊಂದ್ ಸಲ ಓದು.”

ಓದಿದೆ. ಸಾಬ್ರು ಎಲ್ಲೋ ಹಿಂದಿನಿಂದ, “ಜೋರಾಗ್ ಓದವ್ವಾ, ಇಲ್ಲಿ ಹುಡುಗ್ರೆಲ್ಲ ನಿಂತ್ ಕೇಳ್ತಾವ್ರೆ,” ಎಂದರು. ಪಕ್ಕದ ರೂಮಿನವರು ಎದ್ದರೆ ಎದ್ದುಕೊಳ್ಳಲಿ ಎಂದು ನಾನು ಮೂರನೆಯ ಸಲಕ್ಕೆ ಗಂಟಲು ಎತ್ತಿದೆ. ಆದರೆ ನನಗಿಂತ ಮುಂಚೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ, ಅಪ್ಪನೇ ಓದಿಬಿಟ್ಟ.